ಸಾಹೇಬರ ತಟ್ಟೆ

ನನಗೆ ಮನುಷ್ಯರ ಬಾಯಿ ಕಂಡರೆ ಆಗುವುದಿಲ್ಲ. ಮಾತಾಡುವಾಗ ಹೇಗೋ ಸಹಿಸಿಕೊಳ್ಳುತ್ತೇನೆ, ತಿನ್ನುವಾಗ ಮಾತ್ರ ಕಣ್ಣನ್ನು ಬೇರೆ ಕಡೆ ತಿರುಗಿಸಿಬಿಡುತ್ತೇನೆ. ಚಪ್ಪರಿಸುವವರು, ಬೆರಳು ನೆಕ್ಕುವವರು, ಬಾಯಿ ತುಂಬ ಅನ್ನ ಇಟ್ಟುಕೊಂಡೇ ಪಕ್ಕದವರ ಮಗಳಿಗೆ ಗಂಡು ಗೊತ್ತಾಯಿತೇ ಎಂದು ವಿಚಾರಿಸುವವರು, ಊಟ ಮುಗಿಸಿ ತಟ್ಟೆಯಲ್ಲೇ ಕೈ ತೊಳೆದು ಆ ನೀರನ್ನು ಹಾಗೇ ಬಿಟ್ಟು ಏಳುವವರು. ಆ ನೀರಿನ ಮೇಲೆ ತೇಲುವ ಎಣ್ಣೆಯನ್ನೂ ಎರಡು ಅಗುಳನ್ನೂ ನೀವು ಎಂದಾದರೂ ದಿಟ್ಟಿಸಿ ನೋಡಿದ್ದೀರಾ? ನಾನು ನೋಡಿದ್ದೇನೆ. ಮೂವತ್ತೊಂದು ವರ್ಷ ನನ್ನ ಕೆಲಸವೇ ಅದಾಗಿತ್ತು.

ನಗರಸಭೆಯಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದೆ. ಹೋಟೆಲು, ಬೇಕರಿ, ಮಾಂಸದಂಗಡಿ, ಐಸು ಮಾಡುವ ಶೆಡ್ಡು, ಎಲ್ಲ ಕಡೆಗೂ ಕೈಯಲ್ಲೊಂದು ಕರವಸ್ತ್ರ ಹಿಡಿದು ಹೋಗುತ್ತಿದ್ದೆ. ಹಿಂದಿನಿಂದ ಎಲ್ಲರೂ ನನ್ನನ್ನು ‘ಥೂ ಸಾಹೇಬ್ರು’ ಅನ್ನುತ್ತಾರೆಂದು ಗೊತ್ತಿತ್ತು. ಅನ್ನಲಿ ಬಿಡಿ. ಮಾತಿಗೆ ಮೊದಲು ಥೂ, ಮಾತು ಮುಗಿದ ಮೇಲೆ ಥೂ ಎನ್ನುವ ಅಭ್ಯಾಸ ನನಗೆ ಇದ್ದದ್ದೂ ನಿಜ. ಲೋಟದೊಳಗೆ ಬೆರಳು ಹಾಕಿ ನಾಲ್ಕು ಲೋಟ ಒಟ್ಟಿಗೆ ಎತ್ತಿಕೊಂಡು ಬರುವವನನ್ನು ನೋಡಿ ಬೇರೆ ಏನನ್ನಬೇಕು, ನೀವೇ ಹೇಳಿ. ಬೆಳಿಗ್ಗೆ ಮೇಜು ಒರೆಸಿದ ಬಟ್ಟೆಯಲ್ಲೇ ಸಂಜೆ ತಟ್ಟೆ ಒರೆಸುತ್ತಾರೆ. ಆ ಬಟ್ಟೆಯ ವಾಸನೆ ನನಗೆ ನಿದ್ದೆಯಲ್ಲೂ ಮೂಗಿಗೆ ಬರುತ್ತಿತ್ತು.

ಎಲ್ಲಕ್ಕಿಂತ ಹೇಸಿಗೆ ಎಂಜಲು. ಮದುವೆಯಾಗಿ ಮೂವತ್ತನಾಲ್ಕು ವರ್ಷವಾಯಿತು, ಹೆಂಡತಿಯ ತಟ್ಟೆಯಿಂದ ಒಂದು ಚೂರು ಹಪ್ಪಳವನ್ನೂ ಮುರಿದುಕೊಂಡವನಲ್ಲ. ಅವಳು ಕುಡಿದ ಲೋಟ ಬೇರೆ, ನನ್ನ ಲೋಟ ಬೇರೆ. ಮಗಳು ಮಗುವಾಗಿದ್ದಾಗ ಒಂದು ಸಲ ತಾನು ಅರ್ಧ ಚೀಪಿದ ಬಿಸ್ಕತ್ತನ್ನು ನನ್ನ ಬಾಯಿಗೆ ಹಿಡಿದಿದ್ದಳು. ಜೊಲ್ಲು ಸುರಿಯುತ್ತಿತ್ತು. ನಾನು ಮುಖ ತಿರುಗಿಸಿಕೊಂಡೆ. ಇನ್ನೂ ಎರಡು ಮೂರು ಸಲ ಹಿಡಿದಳು, ಆಮೇಲೆ ಬಿಟ್ಟಳು. ಹೆಂಡತಿ ಇವತ್ತಿಗೂ ಅದನ್ನು ನೆನಪಿಸಿ ಚುಚ್ಚುತ್ತಾಳೆ. ಮಗಳಿಗೆ ನೆನಪಿಲ್ಲ, ಒಂದು ವರ್ಷದ ಕೂಸಿಗೆ ಏನು ನೆನಪಿರುತ್ತದೆ.

ಇಂಥ ನನಗೆ ಇಡೀ ಪಟ್ಟಣದಲ್ಲಿ ಒಂದೇ ಒಂದು ಜಾಗದ ಊಟ ಹಿಡಿಸಿತ್ತು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿದ್ದ ಥಾಲಿ ಹಾಲು, ಅಂದರೆ ತಟ್ಟೆ ಊಟದ ಹೋಟೆಲು. ಬಾಗಿಲ ಮೇಲೆ ದೊಡ್ಡ ಫಲಕ: ‘ದೇಶದ ನಾಲ್ಕು ದಿಕ್ಕಿನ ಅಡುಗೆ, ಒಂದೇ ತಟ್ಟೆಯಲ್ಲಿ’. ಅಗಲವಾದ ಸ್ಟೀಲಿನ ತಟ್ಟೆ, ಅದರ ಅಂಚಿಗೆ ಸುತ್ತಲೂ ಹದಿನೆಂಟು ಪುಟ್ಟ ಬಟ್ಟಲು. ಬೇಳೆ ಎರಡು ಬಗೆ, ಪಲ್ಯ ನಾಲ್ಕು ಬಗೆ, ಮಜ್ಜಿಗೆಯದ್ದೊಂದು, ಹುಳಿಯದ್ದೊಂದು, ಕಾಳಿನದು, ಸೊಪ್ಪಿನದು, ಸಾರು, ಗೊಜ್ಜು, ಕೋಸಂಬರಿ, ಚಟ್ನಿ, ಉಪ್ಪಿನಕಾಯಿ, ಮೊಸರು, ಎರಡು ಸಿಹಿ. ನಡುವೆ ಅನ್ನ, ಅದರ ಪಕ್ಕ ಮಡಚಿದ ರೊಟ್ಟಿ. ಒಂದರ ರಸ ಇನ್ನೊಂದಕ್ಕೆ ತಾಗುವ ಹಾಗಿಲ್ಲ. ನನ್ನಂಥವನಿಗೆ ಅದೇ ಒಂದು ಸಮಾಧಾನ.

ಈಗ ನನ್ನ ಕೆಲಸದ ಒಂದು ಗುಟ್ಟು ಹೇಳಬೇಕು. ಕಾನೂನಿನ ಪ್ರಕಾರ ನಿರೀಕ್ಷಕನಾದವನು ಅಡುಗೆಮನೆಯೊಳಗೆ ಹೋಗಿ, ಅಲ್ಲಿರುವ ಪ್ರತಿಯೊಂದು ಪದಾರ್ಥದ ಮಾದರಿ ತೆಗೆದು, ಶೀಸೆಗೆ ತುಂಬಿ, ಚೀಟಿ ಅಂಟಿಸಿ, ಅರಗು ಹಾಕಿ ಪ್ರಯೋಗಶಾಲೆಗೆ ಕಳಿಸಬೇಕು. ಬೇಕರಿಯಾದರೆ ಮೂರು ಶೀಸೆ. ಥಾಲಿ ಹಾಲಾದರೆ ಹದಿನೆಂಟು. ಒಂದೊಂದಕ್ಕೂ ಮೂರು ಪ್ರತಿ ಫಾರಂ. ಮೊದಲನೇ ಸಲ ಹೋದ ದಿನ ಆ ಲೆಕ್ಕ ಹಾಕಿಯೇ ನನ್ನ ಸೊಂಟ ಬಿದ್ದುಹೋಯಿತು. ಅವತ್ತು ಬಾಗಿಲಲ್ಲಿ ನಿಂತು ಯೋಚಿಸಿದೆ: ಒಳಗಿರುವುದೆಲ್ಲ ಒಂದೇ ತಟ್ಟೆಯಲ್ಲಿ ಹೊರಗೆ ಬರುತ್ತದಲ್ಲ? ಹದಿನೆಂಟೂ ನನ್ನ ಮುಂದೆಯೇ ಬರುವಾಗ ನಾನೇಕೆ ಒಳಗೆ ಹೋಗಿ ಆ ಹಬೆಯಲ್ಲಿ, ಆ ಬೆವರಿನಲ್ಲಿ ನಿಲ್ಲಬೇಕು? ನನ್ನ ನಾಲಿಗೆಗಿಂತ, ನನ್ನ ಮೂಗಿಗಿಂತ ದೊಡ್ಡ ಪ್ರಯೋಗಶಾಲೆ ಎಲ್ಲಿದೆ? ಅಂದಿನಿಂದ ಅದೇ ಪದ್ಧತಿಯಾಯಿತು. ವರ್ಷಕ್ಕೆ ಎರಡು ಮೂರು ಸಲ ಹೇಳದೆ ಕೇಳದೆ ಹೋಗುವುದು, ಮೂಲೆಯ ಮೇಜಿಗೆ ಕೂರುವುದು, ಒಂದು ತಟ್ಟೆ ತಿನ್ನುವುದು, ‘ತೃಪ್ತಿಕರ’ ಎಂದು ಬರೆದು ಸಹಿ ಹಾಕುವುದು. ತಿಂದದ್ದಕ್ಕೆ ಪ್ರತಿ ಸಲವೂ ಹಣ ಕೊಟ್ಟೇ ಬರುತ್ತಿದ್ದೆ. ಪುಕ್ಕಟೆ ಒಂದು ತೊಟ್ಟು ನೀರು ಕುಡಿದವನಲ್ಲ ನಾನು, ಈ ವಿಷಯದಲ್ಲಿ ಯಾರೂ ನನ್ನತ್ತ ಬೆರಳು ತೋರಿಸುವ ಹಾಗಿರಲಿಲ್ಲ.

ಹೀಗೆ ಹತ್ತೊಂಬತ್ತು ವರ್ಷ. ನಡುವೆ ಏಳು ದೂರು ಬಂದಿದ್ದವು. ವಾಂತಿ, ಭೇದಿ, ಹೊಟ್ಟೆನೋವು. ಒಬ್ಬ ದರ್ಜಿ ಹೆಂಗಸು ಥಾಲಿ ಹಾಲಿನ ಬೇಳೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ನನ್ನ ಕಚೇರಿಗೇ ಬಂದಿದ್ದಳು. ಅದನ್ನು ತಿಂದ ಮಗುವಿಗೆ ಮನೆಯಲ್ಲಿ ಮೂರು ದಿನದಿಂದ ಜ್ವರವಂತೆ. ಯಾರೋ ಉಂಡು ಬಿಟ್ಟಿದ್ದನ್ನು ನನ್ನ ಮೇಜಿನ ಮೇಲೆ ಇಡುತ್ತೀಯಾ, ತೆಗಿ ಆಚೆ, ಎಂದು ರೇಗಿದ್ದೆ. ಮುಚ್ಚಳ ತೆಗೆಸಲೂ ಇಲ್ಲ. ಆಮೇಲೆ ಥಾಲಿ ಹಾಲಿಗೆ ಹೋಗಿ ಒಂದು ತಟ್ಟೆ ಉಂಡು, ‘ದೂರಿನಲ್ಲಿ ಹುರುಳಿಲ್ಲ’ ಎಂದು ಬರೆದೆ.

ನಾನು ನಿವೃತ್ತನಾಗಿ ಎರಡು ತಿಂಗಳಾಗಿತ್ತು. ಮಗಳು ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್. ನೂರಿಪ್ಪತ್ತು ಹುಡುಗಿಯರು. ಅಲ್ಲಿನ ಅಡುಗೆಯಾಕೆ ಕೆಲಸ ಬಿಟ್ಟಳೆಂದು ಹೊರಗಿನಿಂದ ಊಟ ತರಿಸುವುದೆಂದು ತೀರ್ಮಾನವಾಯಿತು. ಮಗಳು ನನ್ನನ್ನು ಕೇಳಿದಳು. ಕಣ್ಣುಮುಚ್ಚಿಕೊಂಡು ಥಾಲಿ ಹಾಲಿನವರಿಗೆ ಕೊಡು ಎಂದೆ. ಆಡಳಿತ ಮಂಡಳಿಗೆ ತೋರಿಸಲು ಒಂದು ಪತ್ರವನ್ನೂ ಬರೆದುಕೊಟ್ಟೆ: ‘ಈ ಅಡುಗೆಮನೆಯನ್ನು ನಾನು ಹತ್ತೊಂಬತ್ತು ವರ್ಷಗಳಿಂದ ಬಲ್ಲೆ. ಇದರ ಶುಚಿತ್ವಕ್ಕೆ ನಾನೇ ಜವಾಬ್ದಾರ.’ ಕೆಳಗೆ ಸಹಿ, ನಿವೃತ್ತ ಆರೋಗ್ಯ ನಿರೀಕ್ಷಕ. ಬರೆಯುವಾಗ ಎಷ್ಟು ಹೆಮ್ಮೆಯಾಗಿತ್ತೆಂದರೆ ಅಕ್ಷರವೂ ದುಂಡಗೆ ಬಂದಿತ್ತು.

ಮೂರು ವಾರದ ಮೇಲೆ, ಒಂದು ಶನಿವಾರ ಬೆಳಿಗ್ಗೆ, ಮಗಳು ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಅಪ್ಪ, ಹುಡುಗೀರು ಗಲಾಟೆ ಮಾಡ್ತಿದಾರೆ. ಊಟ ಕೆಟ್ಟ ವಾಸನೆ ಅಂತೆ. ಮೊನ್ನೆ ಮೂವರು ಎಲ್ಲರ ಎದುರಿಗೇ ತಟ್ಟೆ ಮಗುಚಿ ಹಾಕಿದ್ರು. ಇಡೀ ನೆಲ ಗಲೀಜು.”

“ಥೂ,” ಅಂದೆ. “ಅನ್ನ ನೆಲಕ್ಕೆ ಹಾಕೋ ಕೊಬ್ಬೇ?”

“ನಾನೂ ಅದನ್ನೇ ಅಂದೆ. ನಾಳೆ ಮಂಡಳಿ ಸಭೆ ಇದೆ. ಆ ಮೂವರನ್ನ ಹಾಸ್ಟೆಲಿಂದ ಕಳಿಸಿಬಿಡೋಣ ಅಂತ ಅಧ್ಯಕ್ಷರು ಹೇಳ್ತಿದಾರೆ. ನಿಮ್ಮ ಪತ್ರ ಇದೆಯಲ್ಲ, ಊಟದ ಮಾತೇ ಬೇಡ ಅಂತಾರೆ. ಆದ್ರೆ ಅಪ್ಪ, ಅವರಿಗೆ ಹಾಸ್ಟೆಲು ಹೋದ್ರೆ ಕಾಲೇಜೂ ಹೋಯ್ತು. ಒಬ್ಬಳ ಮನೇಲಂತೂ ಬಾ ಅನ್ನೋಕೇ ಯಾರೂ ಇಲ್ಲ. ನನಗೆ ಒಂದು ಸಲ ಖಚಿತ ಆಗ್ಬೇಕು. ಅವರು ಸುಳ್ಳು ಹೇಳ್ತಿದಾರೋ, ನಿಜ ಹೇಳ್ತಿದಾರೋ.”

“ನನ್ನ ಮಾತು ಸಾಲ್ದಾ?”

“ಸಾಲುತ್ತೆ. ಅದಕ್ಕೇ ನಿಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದೀನಿ. ಅಮ್ಮನೂ ಬರಲಿ, ನಾವು ಮೂವರೂ ಹೋಗಿ ಅಲ್ಲೇ ಊಟ ಮಾಡೋಣ. ನೀವು ಸರಿ ಇದೆ ಅಂದ್ರೆ ಮುಗೀತು, ನಾಳೆ ಸಹಿ ಹಾಕ್ತೀನಿ.”

ಹೆಂಡತಿ ಒಳಗಿನಿಂದ ಸೀರೆ ಬದಲಿಸಿಕೊಂಡೇ ಬಂದಳು. “ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನ ಹೊರಗೆ ಊಟಕ್ಕೆ ಕರ್ಕೊಂಡು ಹೋದವರಲ್ಲ ನಿಮ್ಮಪ್ಪ. ನಾನು ಬಾಯಿ ಆಡಿಸೋದು ನೋಡೋಕಾಗಲ್ಲವಂತೆ. ಇವತ್ತು ಬಿಡೋದಿಲ್ಲ ನಾನು.”

ಹಾಗೆ ಹೊರಟೆವು.

ಮಧ್ಯಾಹ್ನದ ಹೊತ್ತು, ಥಾಲಿ ಹಾಲು ಜನರಿಂದ ತುಂಬಿತ್ತು. ಎಲ್ಲೆಲ್ಲೂ ಬಾಯಿಗಳು. ನಾನು ನೆಲ ನೋಡಿಕೊಂಡು ನಡೆದು ಮೂಲೆಯ ಮೇಜಿಗೆ ಹೋದೆ. ಅಲ್ಲಿ ಬಡಿಸುವ ಹಿರಿಯವನನ್ನು ಎಲ್ಲರೂ ಸೌಟಣ್ಣ ಅನ್ನುತ್ತಾರೆ. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು. ನಾನು ನಿವೃತ್ತನಾದದ್ದು ಅವನಿಗೆ ತಿಳಿದಿರಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

“ಬನ್ನಿ ಸಾಹೇಬ್ರೇ, ಬನ್ನಿ. ಇವತ್ತು ಮನೆಯವರೂ ಬಂದಿದಾರೆ!” ಎಂದು ಹೇಳಿ, ಅಡುಗೆಮನೆಯ ಕಿಂಡಿಯತ್ತ ತಿರುಗಿ ಕೂಗಿದ. “ಒಂದು ಸಾಹೇಬ್ರ ತಟ್ಟೆ! ಎರಡು ಥಾಲಿ!”

ಆ ಕೂಗನ್ನು ನಾನು ಹತ್ತೊಂಬತ್ತು ವರ್ಷದಿಂದ ಕೇಳುತ್ತಿದ್ದೆ. ಪ್ರತಿ ಸಲವೂ ಕೇಳಿಸಿಕೊಳ್ಳದವನ ಹಾಗೆ ಮುಖ ಮಾಡುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ. ಸಾಹೇಬರು ಬಂದಿದ್ದಾರೆ, ಎಚ್ಚರ, ಎಂದು ಗೌರವಕ್ಕೆ ಹೇಳುತ್ತಾರೆ ಎಂದುಕೊಂಡಿದ್ದೆ. ಅವತ್ತೂ ಹೆಂಡತಿಯ ಕಡೆ ಓರೆಗಣ್ಣಿನಿಂದ ನೋಡಿದೆ, ಕೇಳಿಸಿತೇ ಎಂದು.

ಮೂರು ತಟ್ಟೆ ಬಂದವು. ನೋಡಲು ಮೂರೂ ಒಂದೇ. ಅದೇ ಹದಿನೆಂಟು ಬಟ್ಟಲು, ಅದೇ ಬಣ್ಣಗಳು. ನಾನು ಎಂದಿನಂತೆ ಬಲಗಡೆಯಿಂದ ಶುರು ಮಾಡಿ ಒಂದೊಂದೇ ರುಚಿ ನೋಡಿದೆ. ಬೇಳೆಗೆ ಹದವಾದ ಒಗ್ಗರಣೆ, ಸೊಪ್ಪು ಹಸಿರಾಗಿಯೇ ಇತ್ತು, ಮೊಸರು ಕೆನೆಗಟ್ಟಿತ್ತು.

“ನೋಡಿದ್ರಾ?” ಎಂದೆ. “ಹುಡುಗೀರ ಆಟ ಅಷ್ಟೇ ಇದು. ನಾಳೆ ಧೈರ್ಯವಾಗಿ ಸಹಿ ಹಾಕು.”

ಹೆಂಡತಿ ಒಂದು ಬಟ್ಟಲನ್ನು ಮೂಗಿನ ಹತ್ತಿರ ತಂದು, ಕೆಳಗಿಟ್ಟು, ಇನ್ನೊಂದನ್ನು ಎತ್ತಿದಳು. ಅದನ್ನೂ ಕೆಳಗಿಟ್ಟಳು.

“ಬೇಳೆ ಹುಳಿ ಬಂದಿದೆ,” ಅಂದಳು.

“ನಿನಗೆ ನಿನ್ನ ಅಡುಗೆ ಬಿಟ್ಟು ಮಿಕ್ಕಿದ್ದೆಲ್ಲ ಹುಳಿಯೇ.”

“ನಾನು ಸುಮ್ನೆ ಹೇಳ್ತಿಲ್ಲ. ಹುಳಿ ಅಂದ್ರೆ ಹುಣಸೆಹುಳಿ ಅಲ್ಲ. ಹಳಸಿದ ಹುಳಿ. ಈ ಪಲ್ಯ ನೋಡಿ, ಎಳೆ ಬರ್ತಿದೆ.”

ನನಗೆ ಮೈ ಉರಿಯಿತು. ಒಂದು ದಿನ ಹೊರಗೆ ಕರೆತಂದರೆ ಇದು. ಸುತ್ತಲಿನವರು ಕೇಳಿಸಿಕೊಂಡರೆ ಏನು ಗತಿ ಎಂದು ಹಲ್ಲು ಕಚ್ಚಿ, “ಒಂದೇ ಅಡುಗೆಮನೆ, ಒಂದೇ ಪಾತ್ರೆ. ನನ್ನದು ಅಮೃತದ ಹಾಗಿದೆ. ನಿನ್ನದು ಮಾತ್ರ ಹೇಗೆ ಹಳಸುತ್ತೆ?” ಎಂದೆ.

ಮಗಳು ಅಷ್ಟು ಹೊತ್ತಿಗೆ ತನ್ನ ಬೇಳೆಯಲ್ಲಿ ಎರಡು ಚಮಚ ತಿಂದು, ಚಮಚವನ್ನು ಬಟ್ಟಲಲ್ಲೇ ಬಿಟ್ಟಿದ್ದಳು. ಅವಳ ಮುಖ ಸಣ್ಣದಾಗಿತ್ತು.

“ಅಪ್ಪ, ನಿಮ್ಮ ಬಟ್ಟಲಿಂದ ನನಗೊಂದು ಚಮಚ ಕೊಡಿ.”

ಅವಳ ಚಮಚ ನನ್ನ ಬಟ್ಟಲಿನತ್ತ ಬಂತು. ಅವಳು ಬಾಯಿಗಿಟ್ಟ ಚಮಚ. ನನಗೆ ಗೊತ್ತಿಲ್ಲದೆಯೇ ನನ್ನ ಕೈ ಬಟ್ಟಲನ್ನು ಮುಚ್ಚಿತು. ಅವಳು ಚಮಚವನ್ನು ಗಾಳಿಯಲ್ಲೇ ಹಿಡಿದು ನನ್ನನ್ನು ನೋಡಿದಳು. ಆಮೇಲೆ ಸಾವಕಾಶವಾಗಿ ತನ್ನ ಬಟ್ಟಲನ್ನು ಎತ್ತಿ ನನ್ನ ಮುಂದಿಟ್ಟಳು.

“ಸರಿ, ಹಾಗಾದ್ರೆ ನೀವೇ ಇದನ್ನ ತಿಂದು ನೋಡಿ.”

ಅರ್ಧ ತಿಂದ ಬಟ್ಟಲು. ಒಳಗೆ, ಅವಳು ಬಾಯಿಗಿಟ್ಟು ಮತ್ತೆ ಅದ್ದಿದ ಚಮಚದ ಗುರುತು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

“ಬೇಡಮ್ಮ,” ಅಂದೆ. “ನನಗಾಗಲ್ಲ, ನಿನಗೇ ಗೊತ್ತಲ್ಲ. ಹೊಸ ಬಟ್ಟಲು ತರಿಸ್ತೀನಿ.”

“ಹೊಸದು ತರಿಸಿದ್ರೆ ನಿಮಗೆ ತಂದುಕೊಡೋದನ್ನೇ ಕೊಡ್ತಾರೆ. ಅವನು ಏನಂತ ಕೂಗಿದ ಕೇಳಿಸ್ಲಿಲ್ವಾ? ಒಂದು ಸಾಹೇಬ್ರ ತಟ್ಟೆ, ಎರಡು ಥಾಲಿ ಅಂದ. ಮೂರು ಅನ್ನಲಿಲ್ಲ.”

ಮೂವತ್ತೊಂದು ವರ್ಷ ಊರಿನ ಅಡುಗೆಯನ್ನೆಲ್ಲ ಪರೀಕ್ಷಿಸಿದವನಿಗೆ ಈ ಒಂದು ಮಾತು ಹೊಳೆದಿರಲಿಲ್ಲ.

“ಅಪ್ಪ, ಮೂರು ಹುಡುಗೀರ ಬದುಕು. ಒಂದು ಚಮಚ.”

ಚಮಚ ತೆಗೆದುಕೊಂಡೆ. ಕಣ್ಣು ಮುಚ್ಚಿ ನಾಲಿಗೆಯ ಮೇಲಿಟ್ಟುಕೊಂಡೆ. ಮಗಳ ಎಂಜಲಿನ ಹೇಸಿಗೆ ಅರೆಕ್ಷಣವಿತ್ತು, ಅಷ್ಟೇ. ಆಮೇಲೆ ಬಂದದ್ದು ಬೇರೆ. ಮೊದಲು ಹುಳಿ, ಅದರ ಹಿಂದೆ ಮುಗ್ಗಲು, ಅದರ ಹಿಂದೆ ನಾಲಿಗೆಗೆ ಅಂಟಿಕೊಳ್ಳುವ ಲೋಳೆ, ಎಲ್ಲವನ್ನೂ ಮುಚ್ಚಲು ಸುರಿದ ಖಾರ. ಆ ಬೇಳೆಯನ್ನು ಮೂರು ಸಲವಾದರೂ ಮತ್ತೆ ಮತ್ತೆ ಕುದಿಸಿದ್ದರು. ಪಲ್ಯ ತಿಂದೆ. ಕಾಳಿನದು ತಿಂದೆ. ಹೆಂಡತಿಯ ತಟ್ಟೆಗೂ ಕೈ ಹಾಕಿದೆ. ಒಂದು ಬಟ್ಟಲಿನ ಮೊಸರಲ್ಲಿ ಒಂದು ಅಗುಳು ಅನ್ನವಿತ್ತು. ಹೆಂಡತಿ ಇನ್ನೂ ಅನ್ನ ಮುಟ್ಟಿಯೇ ಇರಲಿಲ್ಲ.

“ಈ ಮೊಸರನ್ನ ನೀನು ಮುಟ್ಟಿದ್ಯಾ?” ಎಂದೆ.

“ಇಲ್ಲವಲ್ಲ.”

ಆ ಅಗುಳನ್ನು ನೋಡುತ್ತಲೇ ಎದ್ದೆ. ಸೌಟಣ್ಣ, “ಕೈ ತೊಳೆಯೋದು ಈ ಕಡೆ ಸಾಹೇಬ್ರೇ,” ಎನ್ನುತ್ತಿದ್ದ ಹಾಗೆಯೇ ಅಡುಗೆಮನೆಯ ಬಾಗಿಲು ತಳ್ಳಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

ಬಾಗಿಲ ಪಕ್ಕದಲ್ಲೇ ಉದ್ದನೆಯ ಕಲ್ಲಿನ ಮೇಜು. ಊಟದ ಹಾಲಿನಿಂದ ವಾಪಸು ಬಂದ ತಟ್ಟೆಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಹದಿನೆಂಟು ಬಟ್ಟಲನ್ನು ಯಾವ ಮನುಷ್ಯ ಪೂರ್ತಿ ತಿನ್ನುತ್ತಾನೆ? ನಾಲ್ಕೈದು ತಿನ್ನುತ್ತಾನೆ, ಉಳಿದದ್ದನ್ನು ನೋಡಿ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ. ಮೇಜಿನ ಹಿಂದೆ ಒಬ್ಬ ಗಟ್ಟಿಗಿತ್ತಿ ಹೆಂಗಸು ನಿಂತಿದ್ದಳು. ಬಲು ಚುರುಕು ಕಣ್ಣು. ಒಂದೊಂದು ಬಟ್ಟಲನ್ನೂ ಬೆಳಕಿಗೆ ಓರೆ ಮಾಡಿ ನೋಡುವಳು, “ಮುಟ್ಟಿದ್ದು”, “ಮುಟ್ಟದ್ದು” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವಳು. ಮುಟ್ಟಿದ್ದು ತೊಟ್ಟಿಗೆ ಹೋಗುತ್ತಿತ್ತು. ಮುಟ್ಟದ್ದು ಕಾಲಬಳಿ ಸಾಲಾಗಿಟ್ಟ ಹಂಡೆಗಳಿಗೆ, ಬೇಳೆ ಬೇಳೆಗೆ, ಮೊಸರು ಮೊಸರಿಗೆ. ಅನುಮಾನ ಬಂದದ್ದರ ಮೇಲ್ಪದರವನ್ನು ಬೆರಳಿನಿಂದ ತೆಗೆದು ಒದರಿ, ಅದನ್ನೂ ಹಂಡೆಗೆ ಸುರಿಯುತ್ತಿದ್ದಳು. ಬೆರಳನ್ನು ಸೊಂಟದಲ್ಲಿದ್ದ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದಳು. ಆ ಬಟ್ಟೆ, ಆ ವಾಸನೆ.

ಎಂಜಲು. ಊರಿನವರೆಲ್ಲರ ಎಂಜಲು, ನಿನ್ನೆಯದು, ಮೊನ್ನೆಯದು, ಆಚೆಯ ಒಲೆಗಳ ಮೇಲೆ ಹಂಡೆಗಟ್ಟಲೆ ಕುದಿಯುತ್ತಿತ್ತು. ಒಂದು ಹಂಡೆಯ ಅಂಚಿನಲ್ಲಿ ಒಣಗಿದ ಪದರಗಳು ಒಂದರ ಮೇಲೊಂದು ಕೂತಿದ್ದವು. ಪಕ್ಕದಲ್ಲಿ ಹಾಸ್ಟೆಲಿಗೆ ಕಳಿಸುವ ಎತ್ತರದ ಡಬ್ಬಗಳು ಬಾಯಿ ತೆರೆದು ನಿಂತಿದ್ದವು.

ಕಿಟಕಿಯ ಹತ್ತಿರ ಮಾತ್ರ ಬೇರೆಯೇ ಲೋಕ. ಒಂದು ಪುಟ್ಟ ಒಲೆ, ಗೋಡೆಗೆ ಹೊಸ ಸುಣ್ಣ, ಲಕಲಕ ಹೊಳೆಯುವ ಸಣ್ಣ ಸಣ್ಣ ಪಾತ್ರೆಗಳು, ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ನನ್ನ ಬೇಳೆ, ನನ್ನ ಸೊಪ್ಪು, ನನ್ನ ಕೆನೆಮೊಸರು.

“ಅದು ಯಜಮಾನರ ಮನೆ ಅಡುಗೆ,” ಎಂದಳು ಆ ಹೆಂಗಸು, ನಾನು ಕೇಳದಿದ್ದರೂ. “ಅವರು, ಅವರ ಮನೆಯವರು, ಆಮೇಲೆ ನೀವು. ಬೇರೆ ಯಾರಿಗೂ ಇಲ್ಲ.”

ಹಿಂದೆಯೇ ಯಜಮಾನ ಓಡಿಬಂದ. ಸದಾ ನಗುವ ಮನುಷ್ಯ, ಅವತ್ತೂ ನಗುತ್ತಲೇ ಇದ್ದ. ನಾನು ಗೋಡೆ ಹಿಡಿದುಕೊಂಡು, “ಇದೇನಯ್ಯಾ ಇದು? ಥೂ, ಮನುಷ್ಯನೇನಯ್ಯಾ ನೀನು? ನನಗೆ ಮೋಸ ಮಾಡಿದೆಯಲ್ಲ!” ಎಂದು ಕೂಗಿದೆ.

ಅವನು ನಿಜಕ್ಕೂ ಅರ್ಥವಾಗದವನ ಹಾಗೆ ನನ್ನನ್ನು ನೋಡಿದ.

“ನಿಮಗೆ ಮೋಸ ಎಲ್ಲಿ ಮಾಡಿದ್ವಿ ಸಾಹೇಬ್ರೇ? ನಿಮಗೆ ಎಂಜಲು ಆಗಲ್ಲ ಅಂತ ಗೊತ್ತು. ಅದಕ್ಕೇ ನಮ್ಮ ಮನೆ ಪಾತ್ರೆಯಿಂದ ಬಡಿಸ್ತಿದ್ವಿ. ಗೌರವಕ್ಕೆ. ಅಡುಗೆಮನೆ ಬಾಗಿಲು ಯಾವತ್ತಾದ್ರೂ ಹಾಕಿದ್ವಾ? ಒಳಗೆ ಬರ್ಬೇಡಿ ಅಂತ ಯಾವತ್ತಾದ್ರೂ ಅಂದ್ವಾ? ನೀವೇ ಬರಲಿಲ್ಲ.”

ನಿಜವಾಗಿ ಅವರು ಅಡ್ಡ ನಿಂತದ್ದೇ ಇಲ್ಲ. ಚಿಲಕವೂ ಇಲ್ಲದ ಬಾಗಿಲು ಅದು. ಪಕ್ಕದ ಮೇಜಿನವನ ಬಟ್ಟಲಲ್ಲಿ ಒಂದೇ ಒಂದು ಸಲ ಬೆರಳು ಅದ್ದಿದ್ದರೂ ಸಾಕಿತ್ತು. ಅದ್ದಲಿಲ್ಲ, ಅಸಹ್ಯವಾಗುತ್ತಿತ್ತು. ನನ್ನ ಅಸಹ್ಯವನ್ನು ಇಡೀ ಜನ್ಮ ಒಂದು ಗುಣ ಎಂದುಕೊಂಡು ಮೆರೆದೆ. ಈ ಹಂಡೆಗಳು ಹತ್ತೊಂಬತ್ತು ವರ್ಷ ಬೆಚ್ಚಗೆ ಕುದಿದದ್ದು ಅದೇ ಗುಣದ ಮರೆಯಲ್ಲಿ.

ತೊಟ್ಟಿಯ ಹತ್ತಿರ ಬಗ್ಗಿ, ಉಂಡದ್ದೆಲ್ಲ ಕಾರಿಕೊಂಡೆ. ತಲೆಯೆತ್ತಿದಾಗ ಮಗಳು ಬಾಗಿಲಲ್ಲಿ ನಿಂತಿದ್ದಳು. ಹಂಡೆಗಳನ್ನೂ ನೋಡಿದ್ದಳು, ಡಬ್ಬಗಳನ್ನೂ ನೋಡಿದ್ದಳು. ಯಜಮಾನ ಅವಳಿಗೂ ನಗುತ್ತಾ ಏನೋ ಹೇಳಲು ಹೋದ. ಅವಳು ಕಣ್ಣು ಕೂಡ ಎತ್ತದೆ ನನ್ನ ತೋಳು ಹಿಡಿದು ಹೊರಗೆ ಕರೆತಂದಳು. ಹೆಂಡತಿ ಎಲ್ಲರ ಎದುರಿಗೆ ತನ್ನ ಸೆರಗಿನಿಂದ ನನ್ನ ಬಾಯಿ ಒರೆಸಿದಳು. ನಾನು ಸುಮ್ಮನೆ ಒರೆಸಿಸಿಕೊಂಡೆ.

ರಸ್ತೆಯ ಆಚೆ ಒಂದು ಕಲ್ಲುಬೆಂಚಿನ ಮೇಲೆ ಕೂತೆವು.

“ನೀನು ಒಂದು ದಿನವೂ ಆ ಊಟ ತಿಂದು ನೋಡಲಿಲ್ವೇನಮ್ಮ?” ಎಂದು ಕೇಳಿದೆ. ತಪ್ಪಿನ ಒಂದು ತುಣುಕನ್ನಾದರೂ ಅವಳ ಕೈಗೆ ದಾಟಿಸುವ ಆಸೆ ಇತ್ತೋ ಏನೋ.

“ಇಲ್ಲ. ನಾನು ನನ್ನ ಮನೆಯಿಂದ ಡಬ್ಬಿ ತಗೊಂಡು ಹೋಗ್ತೀನಿ. ಹೊರಗಿನದು ತಿನ್ನೋಕೆ ನನಗೂ ಆಗಲ್ಲ.” ಅವಳು ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು. “ಅವರು ವಾಂತಿ ಬರುತ್ತೆ ಅಂದ್ರು ಅಪ್ಪ. ನಾಟಕ ಅಂದೆ. ನಮ್ಮಪ್ಪ ನೋಡಿ ಹೇಳಿದ ಅಡುಗೆಮನೆ ಅದು ಅಂದೆ. ತಟ್ಟೆ ಖಾಲಿ ಆಗೋವರೆಗೂ ಯಾರೂ ಏಳೋ ಹಾಗಿಲ್ಲ ಅಂತ ಕೋಲು ಹಿಡಿದು ಪಕ್ಕದಲ್ಲಿ ನಿಂತ್ಕೊಂಡೆ. ಮೂರು ವಾರ. ಅಳ್ತಾ ಅಳ್ತಾ ತಿಂದ್ರು.”

ಹೆಂಡತಿ, “ಅಯ್ಯೋ,” ಅಂದಳು.

ಮಗಳು ಚೀಲದಿಂದ ನನ್ನ ಪತ್ರವನ್ನು ತೆಗೆದಳು. ಮಂಡಳಿಯ ಮುಂದಿಡಲು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಜೋಪಾನ ಮಾಡಿದ್ದಳು. ಪೆನ್ನನ್ನೂ ಕೊಟ್ಟಳು.

“ಹಿಂದೆ ಬರೀರಿ. ನಿಜ ಏನಿದೆಯೋ ಅದನ್ನ.”

ಬರೆದೆ. ಈ ಅಡುಗೆಮನೆಯೊಳಗೆ ನಾನು ಇವತ್ತಿನವರೆಗೆ ಕಾಲಿಟ್ಟಿರಲಿಲ್ಲ ಎಂದು ಬರೆದೆ. ಏಳು ದೂರು ಬಂದಿದ್ದವು, ಏಳನ್ನೂ ಸುಳ್ಳೆಂದು ಬರೆದವನು ನಾನೇ ಎಂದು ಬರೆದೆ. ದರ್ಜಿ ಹೆಂಗಸಿನ ಡಬ್ಬಿಯ ವಿಷಯ ಬರೆಯುವಾಗ ಅವಳ ಹೆಸರು ನೆನಪಿಗೆ ಬರಲಿಲ್ಲ, ಕೇಳಿಯೇ ಇರಲಿಲ್ಲವೇನೋ. ನಿವೃತ್ತ ಆರೋಗ್ಯ ನಿರೀಕ್ಷಕ ಎಂದು ಬರೆಯಲು ಹೋಗಿ, ಬಿಟ್ಟು, ಬರೀ ಸಹಿ ಹಾಕಿದೆ. ಒಂದು ಪ್ರತಿಯನ್ನು ನನ್ನ ಹಳೆಯ ಕಚೇರಿಗೂ ಕೊಡುತ್ತೇನೆ ಎಂದೆ. ಮಗಳು ಓದಿ, ತಲೆಯಾಡಿಸಿ, ಹಾಳೆಯನ್ನು ನನಗೇ ವಾಪಸು ಕೊಟ್ಟಳು.

“ಮಂಡಳಿಗೆ ನಾನು ಹೇಳ್ತೀನಿ. ಹುಡುಗೀರಿಗೆ ನೀವೇ ಓದಿ.”

ಮರುದಿನ ಬೆಳಿಗ್ಗೆ, ಸಭೆಗೆ ಮೊದಲು, ಹಾಸ್ಟೆಲಿನ ಊಟದ ಕೋಣೆಗೆ ಹೋದೆ. ನೂರಿಪ್ಪತ್ತು ಹುಡುಗಿಯರು ಉದ್ದನೆಯ ಬೆಂಚುಗಳ ಮೇಲೆ ಕೂತಿದ್ದರು. ತಟ್ಟೆ ಮಗುಚಿದ ಮೂವರು ಮುಂದಿನ ಸಾಲಿನಲ್ಲಿದ್ದರು, ಮೂವರ ಟ್ರಂಕೂ ಕಟ್ಟಿ ಬಾಗಿಲ ಹತ್ತಿರ ಇಟ್ಟಿತ್ತು. ಯಾರೋ ಹಿಂದಿನ ದಿನವೇ ಕಟ್ಟಲು ಹೇಳಿದ್ದರಂತೆ.

ಓದಿದೆ. ಮುಗಿದ ಮೇಲೆ ಮಗಳು ಮುಂದೆ ಬಂದು ಆ ಮೂವರ ಕ್ಷಮೆ ಕೇಳಿದಳು. ಟ್ರಂಕುಗಳನ್ನು ಕೋಣೆಗೆ ತೆಗೆದುಕೊಂಡು ಹೋಗಿ ಎಂದಳು. ಒಬ್ಬಳು ಅಳಲು ಶುರು ಮಾಡಿದಳು, ಪಕ್ಕದವಳು ಅವಳ ಬೆನ್ನು ಸವರಿದಳು. ಮೂರನೆಯವಳು ಉದ್ದನೆಯ ಹುಡುಗಿ, ಬಾ ಎನ್ನಲು ಮನೆಯಲ್ಲಿ ಯಾರೂ ಇಲ್ಲದವಳು ಇವಳೇ ಎಂದು ಆಮೇಲೆ ಗೊತ್ತಾಯಿತು. ಅವಳು ಅಳಲಿಲ್ಲ. ಎದ್ದು ನಿಂತಳು.

“ಸರ್, ಒಂದು ಕೇಳ್ಲಾ?”

“ಕೇಳಮ್ಮ.”

“ಅಷ್ಟು ವರ್ಷ ನೀವು ತಿಂದ್ರಲ್ಲ, ನಿಮ್ಮ ತಟ್ಟೇಲಿದ್ದ ಊಟ. ಅದು ಹೇಗಿತ್ತು?”

ವ್ಯಂಗ್ಯವಿರಲಿಲ್ಲ ಅವಳ ದನಿಯಲ್ಲಿ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವಳ ಹಾಗೆ ಕೇಳಿದಳು. ಮೂರು ವಾರದಿಂದ ಸರಿಯಾಗಿ ಉಣ್ಣದ ಮುಖ ಅವಳದು. ಸುಳ್ಳು ಹೇಳಬೇಕೆಂದು ಅನ್ನಿಸಿತು. ಅಷ್ಟೇನೂ ಚೆನ್ನಾಗಿರಲಿಲ್ಲ ಎಂದರೆ ಅವಳಿಗೂ ನನಗೂ ಸ್ವಲ್ಪ ಹಗುರಾಗುತ್ತಿತ್ತೇನೋ.

“ಚೆನ್ನಾಗಿತ್ತಮ್ಮ,” ಎಂದೆ. “ತುಂಬ ಚೆನ್ನಾಗಿತ್ತು.”

ಅವಳು ಸರಿ ಎನ್ನುವಂತೆ ತಲೆಯಾಡಿಸಿ, ತನ್ನ ಟ್ರಂಕನ್ನು ಎತ್ತಿಕೊಂಡು ಒಳಗೆ ಹೋದಳು.